ಬೆಜಿಯೇ: ದುಂಡು ಗೆರೆಗೆ ಲೆಕ್ಕ ಬರೆದವರು

ನಿಮ್ಮ ಕೈಯಲ್ಲಿರುವ ಮೊಬೈಲಿನ ಯಾವುದಾದರೂ ಬಟನ್ ನೋಡಿ. ಅದರ ನಾಲ್ಕು ಮೂಲೆಗಳು ಚೂಪಾಗಿಲ್ಲ, ದುಂಡಗಿವೆ. ಕಂಪ್ಯೂಟರಿನಲ್ಲಿ ಕನ್ನಡದ 'ಅ' ಅಕ್ಷರ ಟೈಪ್ ಮಾಡಿ, ಅದನ್ನು ಎಷ್ಟು ದೊಡ್ಡದು ಮಾಡಿದರೂ ಅದರ ಸುರುಳಿ ಒಡೆಯುವುದಿಲ್ಲ. ಈ ದುಂಡು ಗೆರೆಗಳ ಹಿಂದೆ ಒಬ್ಬರ ಹೆಸರಿದೆ. ಅವರು ಪಿಯೆರ್ ಬೆಜಿಯೇ. ಫ್ರಾನ್ಸ್ ದೇಶದ ರೆನೋ ಕಾರು ಕಂಪನಿಯಲ್ಲಿ 42 ವರ್ಷ ಕೆಲಸ ಮಾಡಿದ ಇಂಜಿನಿಯರ್. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ, 1999ರಲ್ಲಿ, ತೀರಿಕೊಂಡರು. ಚಿತ್ರ ಬಿಡಿಸುವ ಪ್ರೋಗ್ರಾಂ ಬರೆಯುವವರೆಲ್ಲ ದಿನಾ ಅವರ ಹೆಸರು ಹೇಳುತ್ತಾರೆ. ಆದರೆ ಆ ಮನುಷ್ಯ ಯಾರು, ಏನು ಓದಿದರು, ಕಾರು ಕಾರ್ಖಾನೆಯವರಿಗೆ ಈ ಕೆಲಸ ಯಾಕೆ ಬೇಕಾಯಿತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ವಾಣಿಜ್ಯ ವಿಭಾಗದವಳು. ಊರು ವೀರನಹೊಸಹಳ್ಳಿ, ಮನೆಮಾತು ಉರ್ದು. ಕಾಮರ್ಸ್ ಹುಡುಗಿಗೆ ಫ್ರೆಂಚ್ ಇಂಜಿನಿಯರ್ ಯಾಕೆ ಎಂದು ನನ್ನ ಗೆಳತಿಯರೇ ಕೇಳಿದರು. ಕಾರಣ ಆನೆ. ಪ್ರತಿವರ್ಷ ದಸರಾ ಆನೆಗಳ ಗಜಪಯಣ ಹೊರಡುವುದು ನಮ್ಮ ವೀರನಹೊಸಹಳ್ಳಿಯಿಂದ. ನಾಗರಹೊಳೆ ಕಾಡಿನ ಬಾಗಿಲು ನಮ್ಮೂರು. ಗಣಕವಿಜ್ಞಾನದ ಅಭ್ಯಾಸಕ್ಕೆ ಪೈಥಾನ್ ಭಾಷೆಯ ಟಿಕಿಂಟರ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ತೆರೆಯ ಮೇಲೆ ಒಂದು ಆನೆ, ಅದರ ಕೆಳಗೆ ದುಂಡು ಮೂಲೆಯ ಒಂದು ಬಟನ್. ಆನೆಯ ಬೆನ್ನು ವೃತ್ತವೂ ಅಲ್ಲ, ನೇರ ಗೆರೆಯೂ ಅಲ್ಲ. ತಲೆಯ ಹಿಂದೆ ತಗ್ಗುತ್ತದೆ, ನಡುವೆ ಏರುತ್ತದೆ, ಬಾಲದ ಕಡೆ ಜಾರುತ್ತದೆ. ಇಂಥ ಗೆರೆಯನ್ನು ಕಂಪ್ಯೂಟರಿಗೆ ಹೇಳುವುದು ಹೇಗೆ ಎಂದು ಹುಡುಕುತ್ತಾ ಹೋದಾಗ ಪ್ರತಿ ಪುಟದಲ್ಲೂ ಸಿಕ್ಕಿದ ಹೆಸರು ಬೆಜಿಯೇ.

ಅವರು 1910ರ ಸೆಪ್ಟೆಂಬರ್ 1ರಂದು ಪ್ಯಾರಿಸ್ ನಗರದಲ್ಲಿ ಹುಟ್ಟಿದರು. ತಂದೆಯೂ ಇಂಜಿನಿಯರ್, ತಾತನೂ ಇಂಜಿನಿಯರ್. 1930ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದರು. ಅಷ್ಟಕ್ಕೆ ನಿಲ್ಲದೆ ಮರುವರ್ಷ, 1931ರಲ್ಲಿ, ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಎರಡನೇ ಪದವಿ ಪಡೆದರು. 1933ರಲ್ಲಿ ರೆನೋ ಸೇರಿದರು. ಎರಡು ಪದವಿ ಇದ್ದವರಿಗೆ ಮೊದಲು ಸಿಕ್ಕಿದ್ದು ಕುರ್ಚಿಯ ಕೆಲಸವಲ್ಲ. ಯಂತ್ರಗಳಿಗೆ ಲೋಹ ಕತ್ತರಿಸುವ ಉಪಕರಣಗಳನ್ನು ಕೂರಿಸಿ, ಅಳತೆಗೆ ಸರಿಯಾಗಿ ಹೊಂದಿಸಿಕೊಡುವ ಕೆಲಸ. ಅಂದರೆ ಕಾರ್ಖಾನೆಯ ನೆಲದ ಮೇಲೆ, ಎಣ್ಣೆ ಮತ್ತು ಕಬ್ಬಿಣದ ಪುಡಿಯ ನಡುವೆ. ಮರುವರ್ಷ ಉಪಕರಣಗಳನ್ನು ವಿನ್ಯಾಸ ಮಾಡುವ ವಿಭಾಗಕ್ಕೆ ಹೋದರು. 1945ರಲ್ಲಿ ಆ ವಿಭಾಗಕ್ಕೆ ಮುಖ್ಯಸ್ಥರಾದರು. 1948ರಲ್ಲಿ ಉತ್ಪಾದನಾ ಇಂಜಿನಿಯರಿಂಗ್‌ನ ನಿರ್ದೇಶಕರಾದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ರೆನೋ ಕಂಪನಿ 4ಸಿವಿ ಎಂಬ ಸಣ್ಣ ಕಾರು ತಂದಿತು. ಹತ್ತು ಲಕ್ಷಕ್ಕಿಂತ ಹೆಚ್ಚು ಮಾರಾಟವಾದ ಮೊದಲ ಫ್ರೆಂಚ್ ಕಾರು ಅದು. ಹತ್ತು ಲಕ್ಷ ಕಾರು ಮಾಡಬೇಕಾದರೆ ಒಬ್ಬೊಬ್ಬ ಕೆಲಸಗಾರ ಒಂದೊಂದು ಯಂತ್ರದ ಮುಂದೆ ನಿಂತು ಬಿಡಿಭಾಗ ಕೊರೆದರೆ ಆಗುವುದಿಲ್ಲ. ಬಿಡಿಭಾಗ ತಾನಾಗಿಯೇ ಒಂದು ಯಂತ್ರದಿಂದ ಮುಂದಿನ ಯಂತ್ರಕ್ಕೆ ಸಾಗಬೇಕು, ಒಂದು ಕಡೆ ತೂತು, ಇನ್ನೊಂದು ಕಡೆ ಸವರುವಿಕೆ, ಮತ್ತೊಂದು ಕಡೆ ಮರೆ ಕೊರೆಯುವಿಕೆ. ಆ ಕಾರಿನ ಬಹುಪಾಲು ಯಾಂತ್ರಿಕ ಬಿಡಿಭಾಗಗಳನ್ನು ಹೀಗೆ ತಯಾರಿಸಿದ ಯಂತ್ರಸಾಲುಗಳ ವಿನ್ಯಾಸದ ಹೊಣೆ ಬೆಜಿಯೇ ಅವರದು. 1957ರಲ್ಲಿ ಕಂಪನಿಯ ಯಂತ್ರೋಪಕರಣ ವಿಭಾಗಕ್ಕೆ ನಿರ್ದೇಶಕರಾದರು. ಇಲ್ಲಿಗೇ ಅವರ ಕತೆ ಮುಗಿದಿದ್ದರೂ ಅದು ಒಳ್ಳೆಯ ಇಂಜಿನಿಯರ್ ಒಬ್ಬರ ಒಳ್ಳೆಯ ಬದುಕೇ ಆಗುತ್ತಿತ್ತು. ಆದರೆ ಅವರ ಹೆಸರು ಉಳಿದ ಕೆಲಸ ಶುರುವಾಗಿದ್ದು ಅವರಿಗೆ 50 ವರ್ಷ ಆಗುವಾಗ.

ಆ ಹೊತ್ತಿಗೆ ಅಂಕಿಗಳಿಂದ ನಡೆಯುವ ಯಂತ್ರಗಳು ಬಂದಿದ್ದವು. ಎಡದಿಂದ ಇಷ್ಟು, ಮೇಲಿನಿಂದ ಇಷ್ಟು ಎಂದು ಅಂಕಿ ಕೊಟ್ಟರೆ ಯಂತ್ರ ಅಲ್ಲಿಗೆ ಹೋಗಿ ತೂತು ಕೊರೆಯುತ್ತದೆ. ಬೆಜಿಯೇ ಅವರ ವಿಭಾಗವೇ ಇಂಥ ಯಂತ್ರಗಳನ್ನು ತಯಾರಿಸುತ್ತಿತ್ತು. ತೂತಿಗೆ ಅಂಕಿ ಕೊಡುವುದು ಸುಲಭ. ಕಾರಿನ ಮಡ್‌ಗಾರ್ಡಿನ ಬಾಗಿಗೆ ಯಾವ ಅಂಕಿ ಕೊಡುವುದು? 1960ರಲ್ಲಿ ಅವರು ಹಿಡಿದ ಪ್ರಶ್ನೆ ಇದು.

ಈ ಪ್ರಶ್ನೆ ಎಷ್ಟು ದೊಡ್ಡದು ಎಂದು ನನಗೆ ತಿಳಿದಿದ್ದು ನಮ್ಮ ಮಾಮು ಕೆಲಸ ನೋಡಿ. ಅವರು ಟಿಂಕರಿಂಗ್ ಮಾಡುತ್ತಾರೆ. ಗುದ್ದಿದ ಕಾರಿನ ಬಾಗಿಲು, ಬಾನೆಟ್ಟು ಬಡಿದು ಮೊದಲಿನಂತೆ ಮಾಡಿಕೊಡುತ್ತಾರೆ. ಸುತ್ತಿಗೆ ಕೆಲಸ ಮುಗಿದ ಮೇಲೆ ಕಣ್ಣು ಬೇರೆ ಕಡೆ ತಿರುಗಿಸಿ ಅಂಗೈಯನ್ನು ತಗಡಿನ ಮೇಲೆ ಉದ್ದಕ್ಕೆ ಎಳೆಯುತ್ತಾರೆ. ಕಣ್ಣಿಗೆ ಕಾಣದ ಉಬ್ಬು ಕೈಗೆ ಸಿಗುತ್ತದೆ. ಬಣ್ಣ ಆದ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡುತ್ತಾರೆ. ಬೆಳಕಿನ ಗೆರೆ ಎಲ್ಲಿಯಾದರೂ ಮುರಿದಂತೆ ಕಂಡರೆ ಅಲ್ಲಿ ಇನ್ನೂ ಕೆಲಸ ಬಾಕಿ ಇದೆ ಎಂದರ್ಥ. ಅವರ ಅಂಗೈಯೊಳಗಿನ ಆ ಗೆರೆಯನ್ನು ಇನ್ನೊಬ್ಬರಿಗೆ ಹೇಳಿಕೊಡಲು ಅವರಿಗೇ ಆಗುವುದಿಲ್ಲ. ಕೆಲಸ ಕಲಿಯುವ ಹುಡುಗ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ನೋಡಬೇಕು.

ಆಗಿನ ಕಾರು ಕಾರ್ಖಾನೆಗಳಲ್ಲೂ ಪರಿಸ್ಥಿತಿ ಇದೇ. ಕಲಾವಿದರು ಚಿತ್ರ ಬರೆಯುತ್ತಿದ್ದರು. ಅದನ್ನು ನೋಡಿ ಜೇಡಿಮಣ್ಣಿನ ಮಾದರಿ ಮಾಡುತ್ತಿದ್ದರು. ಅದರ ಅಳತೆ ತೆಗೆದು ದೊಡ್ಡ ನಕ್ಷೆ ಬರೆಯುತ್ತಿದ್ದರು. ನಕ್ಷೆ ನೋಡಿ ಅಳತೆಯ ಹಲಗೆಗಳನ್ನು ಕತ್ತರಿಸಿ, ಅವುಗಳ ಸಹಾಯದಿಂದ ಮೂಲ ಮಾದರಿ ಮಾಡಿ, ಅದನ್ನು ನೋಡಿ ತಗಡು ಒತ್ತುವ ಅಚ್ಚು ಮಾಡುತ್ತಿದ್ದರು. ಪ್ರತಿ ಹಂತದಲ್ಲೂ ಒಬ್ಬರ ಕಣ್ಣು, ಇನ್ನೊಬ್ಬರ ಕೈ. ಪ್ರತಿ ಹಂತದಲ್ಲೂ ಗೆರೆ ಕೂದಲೆಳೆಯಷ್ಟು ಬದಲಾಗುತ್ತಿತ್ತು. ಕೊನೆಗೆ ಬಾಗಿಲು ಚೌಕಟ್ಟಿಗೆ ಕೂರದಿದ್ದರೆ ನಕ್ಷೆ ಸರಿಯೋ, ಮಾದರಿ ಸರಿಯೋ, ಅಚ್ಚು ಸರಿಯೋ ಎಂಬ ಜಗಳ. ನಮ್ಮ ಲೆಕ್ಕಶಾಸ್ತ್ರದ ಮಾತಿನಲ್ಲಿ ಹೇಳಬೇಕೆಂದರೆ, ಒಂದೇ ವ್ಯವಹಾರಕ್ಕೆ ನಾಲ್ಕು ಖಾತೆ ಪುಸ್ತಕ, ನಾಲ್ಕರಲ್ಲೂ ಬೇರೆ ಬೇರೆ ಮೊತ್ತ, ಯಾವುದು ಅಸಲು ಎಂದು ಯಾರಿಗೂ ಗೊತ್ತಿಲ್ಲ. ಬೆಜಿಯೇ ಅವರಿಗೆ ಬೇಕಾಗಿದ್ದು ಒಂದೇ ಅಸಲು ಪುಸ್ತಕ. ಕಲಾವಿದ, ನಕ್ಷೆಯವ, ಅಚ್ಚಿನವ, ಯಂತ್ರ, ಎಲ್ಲರೂ ಅದನ್ನೇ ಓದಬೇಕು.

ದುಂಡು ಆಕಾರಗಳಿಗೆ ಗಣಿತ ಇರಲಿಲ್ಲ ಎಂದಲ್ಲ. ನಮ್ಮ ಕರ್ನಾಟಕದಲ್ಲೇ 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದಿದ್ದರು. ಅದರಲ್ಲಿ ಬಡ್ಡಿಯ ಲೆಕ್ಕಗಳ ಜೊತೆಗೆ ವೃತ್ತ ಮತ್ತು ಉದ್ದುದ್ದ ವೃತ್ತದ ಲೆಕ್ಕಗಳೂ ಇವೆ. ಆದರೆ ಮಡ್‌ಗಾರ್ಡ್ ವೃತ್ತವಲ್ಲ, ಉದ್ದವೃತ್ತವೂ ಅಲ್ಲ. ಆನೆಯ ಬೆನ್ನೂ ಅಷ್ಟೇ. ಕಲಾವಿದನ ಕೈ ಎಳೆದ ಯಾವುದೇ ಗೆರೆಗೆ ಸೂತ್ರ ಬೇಕು. ಜೊತೆಗೆ ಆ ಸೂತ್ರ ಗಣಿತ ಬಾರದ ನಕ್ಷೆಗಾರನ ಕೈಗೂ ಹಿಡಿಸಬೇಕು. ಈ ಎರಡನೇ ಷರತ್ತನ್ನು ಬೆಜಿಯೇ ಬಿಡಲೇ ಇಲ್ಲ. ಅವರು ಕಾರ್ಖಾನೆಯ ನೆಲದಿಂದ ಬಂದವರಲ್ಲವೇ?

ಅವರು ಮೊದಲು ಯೋಚಿಸಿದ್ದು ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಒಂದು ಬಾಗಿದ ಗೆರೆ ಇದೆ ಎಂದುಕೊಳ್ಳಿ. ಪೆಟ್ಟಿಗೆಯನ್ನು ಓರೆ ಮಾಡಿದರೆ, ಎಳೆದರೆ, ಒಳಗಿನ ಗೆರೆಯೂ ಅದರ ಜೊತೆ ಓರೆಯಾಗುತ್ತದೆ, ಎಳೆಯುತ್ತದೆ. ಹಾಗಾದರೆ ಗೆರೆಯನ್ನು ಮುಟ್ಟುವುದೇ ಬೇಡ, ಪೆಟ್ಟಿಗೆಯ ಅಂಚುಗಳನ್ನು ಅಂಕಿಯಾಗಿ ಬರೆದುಕೊಂಡರೆ ಸಾಕು. ಈ ಯೋಚನೆಯೇ ಮುಂದೆ ಸರಳವಾಗಿ, ಕೆಲವೇ ಚುಕ್ಕಿಗಳ ರೂಪಕ್ಕೆ ಬಂತು. ಇಂದು ನಾವು ಬಳಸುವುದು ಆ ರೂಪ.

ಇದನ್ನು ಪೆನ್ನು ಹಿಡಿದು ಮಾಡಿ ನೋಡಬಹುದು. 100 ಅಳತೆಯ ಒಂದು ಚೌಕ ಬರೆಯಿರಿ. ಅದರ ಒಂದು ಮೂಲೆಯನ್ನು ದುಂಡಗೆ ಮಾಡಬೇಕು. ಮೂಲೆಗೆ 0, 0 ಎಂದು ಹೆಸರಿಡಿ. ಒಂದು ಬದಿಯಲ್ಲಿ 100 ದೂರದಲ್ಲಿ ಗೆರೆ ಶುರು, ಇನ್ನೊಂದು ಬದಿಯಲ್ಲಿ 100 ದೂರದಲ್ಲಿ ಕೊನೆ. ಈಗ ಮೂರು ಚುಕ್ಕಿಗಳಿವೆ: ಶುರು, ಮೂಲೆ, ಕೊನೆ. ಶುರು ಮತ್ತು ಮೂಲೆಯ ನಡುವೆ ಮಧ್ಯಬಿಂದು ಗುರುತಿಸಿ. ಮೂಲೆ ಮತ್ತು ಕೊನೆಯ ನಡುವೆ ಇನ್ನೊಂದು ಮಧ್ಯಬಿಂದು. ಈ ಎರಡು ಮಧ್ಯಬಿಂದುಗಳ ನಡುವೆ ಮತ್ತೊಂದು ಮಧ್ಯಬಿಂದು. ಅದು 25, 25ರಲ್ಲಿ ಬೀಳುತ್ತದೆ. ಗೆರೆ ಆ ಚುಕ್ಕಿಯ ಮೂಲಕ ಹೋಗುತ್ತದೆ. ಅರ್ಧಕ್ಕೆ ಬದಲು ಕಾಲು, ಮುಕ್ಕಾಲು ಎಂದು ಇದನ್ನೇ ಮತ್ತೆ ಮತ್ತೆ ಮಾಡಿದರೆ ಗೆರೆಯ ಎಲ್ಲ ಚುಕ್ಕಿಗಳೂ ಸಿಗುತ್ತವೆ. ಇಲ್ಲಿ ವರ್ಗಮೂಲವಿಲ್ಲ, ಸೈನ್ ಕೊಸೈನ್ ಇಲ್ಲ. ಕೂಡುವುದು ಮತ್ತು ಪಾಲು ಮಾಡುವುದು, ಅಷ್ಟೇ. ಪಾಲುದಾರಿಕೆಯ ಲಾಭ ಹಂಚಿ ಅಭ್ಯಾಸ ಇರುವ ನಮಗೆ ಇದು ಕಷ್ಟವಲ್ಲ.

ಆದರೆ ನಿಜವಾದ ವೃತ್ತ 25, 25ರಲ್ಲಿ ಹೋಗುವುದಿಲ್ಲ, ಸುಮಾರು 29.29ರಲ್ಲಿ ಹೋಗುತ್ತದೆ. ಮೂರು ಚುಕ್ಕಿಯ ಗೆರೆ ಮೂಲೆಯ ಕಡೆ ಸ್ವಲ್ಪ ಹೆಚ್ಚು ಚಾಚುತ್ತದೆ. ಅದಕ್ಕೇ ನಾಲ್ಕು ಚುಕ್ಕಿಯ ಗೆರೆ. ಎರಡು ತುದಿಗಳು, ನಡುವೆ ಎರಡು ಚುಕ್ಕಿಗಳು. ಗೆರೆ ನಡುವಿನ ಚುಕ್ಕಿಗಳನ್ನು ಮುಟ್ಟುವುದಿಲ್ಲ, ಅವುಗಳ ಕಡೆಗೆ ಬಾಗುತ್ತದೆ. ಪ್ರತಿ ತುದಿಯಿಂದ ಮೂಲೆಯ ಕಡೆಗೆ 100ರಲ್ಲಿ 55.23ರಷ್ಟು ದೂರದಲ್ಲಿ ನಡುವಿನ ಚುಕ್ಕಿ ಇಟ್ಟರೆ ಗೆರೆ ಸರಿಯಾಗಿ 29.29ರಲ್ಲೇ ಹಾಯುತ್ತದೆ. ಇದೂ ಪೂರ್ತಿ ವೃತ್ತವಲ್ಲ. ಈ ಬಗೆಯ ಗೆರೆಯಿಂದ ನೂರಕ್ಕೆ ನೂರು ವೃತ್ತ ಬರುವುದೇ ಇಲ್ಲ. ಆದರೆ ವ್ಯತ್ಯಾಸ 100ಕ್ಕೆ 0.03ಕ್ಕಿಂತ ಕಡಿಮೆ. ಯಾವ ಕಣ್ಣಿಗೂ ಅದು ಕಾಣುವುದಿಲ್ಲ.

ಆನೆಯ ಬೆನ್ನಿಗೆ ಇಂಥ ಒಂದು ಗೆರೆ ಸಾಲದು, ಮೂರು ನಾಲ್ಕು ಬೇಕು. ಒಂದರ ಕೊನೆಗೆ ಇನ್ನೊಂದರ ಶುರು ಜೋಡಿಸಬೇಕು. ಜೋಡಿಸಿದ ಜಾಗದಲ್ಲಿ ಮೊಣಕೈಯಂತೆ ಮುರಿಯಬಾರದು ಎಂದರೆ ನಿಯಮ ಸುಲಭ. ಜೋಡಣೆಯ ಚುಕ್ಕಿ, ಅದರ ಹಿಂದಿನ ಚುಕ್ಕಿ, ಮುಂದಿನ ಚುಕ್ಕಿ, ಮೂರೂ ಒಂದೇ ನೇರದಲ್ಲಿರಬೇಕು. ಕಾರಿನ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬವೂ ಒಡೆಯಬಾರದು ಎಂದರೆ ದಿಕ್ಕು ಮಾತ್ರ ಸಾಲದು, ಎರಡೂ ಕಡೆಯ ಬಾಗಿನ ಪ್ರಮಾಣವೂ ಹೊಂದಬೇಕು. ಮಾಮು ಅಂಗೈಯಲ್ಲಿ ಹುಡುಕುವುದನ್ನು ಬೆಜಿಯೇ ಅಂಕಿಯಲ್ಲಿ ಬರೆದರು.

ಈ ಕೆಲಸಕ್ಕೆ ಅವರು ಇಟ್ಟ ಹೆಸರು ಯೂನಿಸರ್ಫ್. ನಕ್ಷೆಗಾರ ಚುಕ್ಕಿಗಳ ಅಂಕಿ ಕೊಟ್ಟರೆ ದೊಡ್ಡ ಯಂತ್ರವೊಂದು ಗೆರೆ ಎಳೆದು ತೋರಿಸುತ್ತದೆ. ಇಷ್ಟವಾಗದಿದ್ದರೆ ಒಂದು ಚುಕ್ಕಿ ಸರಿಸಿ ಮತ್ತೆ ಎಳೆಸಬಹುದು. ಒಪ್ಪಿಗೆಯಾದ ಮೇಲೆ ಅದೇ ಅಂಕಿಗಳಿಂದ ಇನ್ನೊಂದು ಯಂತ್ರ ಮಾದರಿ ಕೆತ್ತುತ್ತದೆ. ಇದು ಕೇಳಲು ಸುಲಭ, ಆದರೆ ಆಗ ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರ. 1960ರಲ್ಲಿ ಶುರುವಾದ ಕೆಲಸ 1968ಕ್ಕೆ ಬಳಕೆಗೆ ಬಂತು. ಪೂರ್ಣ ಬಳಕೆಗೆ ಬರಲು 1975 ಆಯಿತು. ಆ ವರ್ಷವೇ ಅವರು ನಿವೃತ್ತರಾದರು. ಲೆಕ್ಕ ಹಾಕಿ: ಒಂದು ಯೋಚನೆ ನೆಲೆ ನಿಲ್ಲಲು 15 ವರ್ಷ, ಅದೂ ತಮ್ಮ ವಿಭಾಗಕ್ಕೆ ತಾವೇ ನಿರ್ದೇಶಕರಾಗಿದ್ದವರಿಗೆ.

ಒಂದು ತಮಾಷೆಯ ಸಂಗತಿ ಇದೆ. ತಮ್ಮ ಗಣಿತ ಸೂತ್ರಗಳನ್ನು ಬೆಜಿಯೇ ಒನೆಸೀಮ್ ದ್ಯೂರಾಂ ಎಂಬವರ ಹೆಸರಿಗೆ ಬರೆದಿದ್ದರು. ಅಂಥ ವ್ಯಕ್ತಿ ಲೋಕದಲ್ಲಿ ಇರಲೇ ಇಲ್ಲ. ಅದು ಬೆಜಿಯೇ ಅವರೇ ಕಟ್ಟಿದ ಹೆಸರು. ನನಗೆ ಇದನ್ನು ಓದಿ ನಗು ಬಂತು, ಆಮೇಲೆ ಯೋಚನೆಯೂ ಬಂತು. ಯಂತ್ರದವನ ಬಾಯಲ್ಲಿ ಗಣಿತ ಕೇಳಿದರೆ ಜನ ಹುಬ್ಬೇರಿಸುತ್ತಾರೆ. ಕಾಮರ್ಸ್‌ನವರ ಬಾಯಲ್ಲಿ ಕೇಳಿದರೂ ಹುಬ್ಬೇರಿಸುತ್ತಾರೆ. ಅಂಕಿಗೆ ಮಾತ್ರ ಹೇಳಿದವರು ಯಾರು ಎಂಬ ಭೇದವಿಲ್ಲ. ಕೂಡಿ ನೋಡಿದರೆ ಸರಿ ಬರಬೇಕು, ಅಷ್ಟೇ.

ಇನ್ನೊಂದು ಸಂಗತಿ ತಮಾಷೆಯದಲ್ಲ. ಅದೇ ಫ್ರಾನ್ಸ್‌ನ ಇನ್ನೊಂದು ಕಾರು ಕಂಪನಿ ಸಿಟ್ರೋಯೆನ್‌ನಲ್ಲಿ ಪಾಲ್ ದ ಕಾಸ್ಟೆಲ್ಜೋ ಎಂಬ ಯುವ ಗಣಿತಜ್ಞರಿದ್ದರು. ಅವರು 1959ರಲ್ಲೇ ಇದೇ ಗೆರೆಗಳನ್ನು ಕಂಡುಹಿಡಿದಿದ್ದರು. ನಾನು ಮೇಲೆ ಬರೆದ ಮಧ್ಯಬಿಂದುಗಳ ಉಪಾಯ ಅವರದೇ. ಆದರೆ ಅವರ ಕಂಪನಿ ಅದನ್ನು ಗುಟ್ಟಾಗಿಟ್ಟಿತು. ಬೆಜಿಯೇ ತಮ್ಮ ವಿಧಾನವನ್ನು 1966 ಮತ್ತು 1967ರಲ್ಲಿ ಒಂದು ಫ್ರೆಂಚ್ ಪತ್ರಿಕೆಯಲ್ಲಿ ಲೇಖನವಾಗಿ ಪ್ರಕಟಿಸಿದರು. ಓದಿದವರು ಬಳಸಿದರು, ತಿದ್ದಿದರು, ಬೆಳೆಸಿದರು. 1972ರಲ್ಲಿ ರಾಬಿನ್ ಫಾರೆಸ್ಟ್ ಎಂಬ ವಿದ್ವಾಂಸರು ಇವೇ ಗೆರೆಗಳನ್ನು 1912ರಲ್ಲಿ ಬರ್ನ್‌ಸ್ಟೈನ್ ಎಂಬ ಗಣಿತಜ್ಞರು ಬರೆದಿದ್ದ ಬಹುಪದಗಳಿಂದ ಸರಳವಾಗಿ ಹೇಳಬಹುದು ಎಂದು ತೋರಿಸಿದರು. ಹೀಗೆ ಗೆರೆಗೆ ಬೆಜಿಯೇ ಹೆಸರು ನಿಂತಿತು. ಸಿಟ್ರೋಯೆನ್‌ನ ಕೆಲಸ ಹೊರಜಗತ್ತಿಗೆ ತಿಳಿದಿದ್ದು ತಡವಾಗಿ. ಈಗ ಗೆರೆಗೆ ಬೆಜಿಯೇ ಹೆಸರು, ಅದನ್ನು ಎಳೆಯುವ ವಿಧಾನಕ್ಕೆ ಕಾಸ್ಟೆಲ್ಜೋ ಹೆಸರು. ಇದರಲ್ಲಿ ಬೆಜಿಯೇ ಅವರ ಮೋಸವೇನೂ ಇಲ್ಲ. ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಒಂದೇ ಜಾಗಕ್ಕೆ ಬಂದರು. ಒಬ್ಬರ ಲೆಕ್ಕಪುಸ್ತಕ ತೆರೆದಿತ್ತು, ಇನ್ನೊಬ್ಬರದನ್ನು ಕಂಪನಿ ಬೀಗ ಹಾಕಿ ಇಟ್ಟಿತ್ತು. ವ್ಯಾಪಾರದಲ್ಲಿ ಗುಟ್ಟು ಬೇಕು ಎಂದು ನಮಗೆ ಪಾಠದಲ್ಲಿ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಗುಟ್ಟಿಗೂ ಬೆಲೆ ತೆರಬೇಕು. ಆ ಬೆಲೆಯನ್ನು ಕಂಪನಿ ತೆರಲಿಲ್ಲ, ಕೆಲಸ ಮಾಡಿದ ಹುಡುಗ ತೆತ್ತ ಎಂದು ನನಗೆ ಅನಿಸುತ್ತದೆ.

ಬೆಜಿಯೇ 1968ರಿಂದ 1979ರವರೆಗೆ ಪ್ಯಾರಿಸ್‌ನ ಒಂದು ದೊಡ್ಡ ತಾಂತ್ರಿಕ ಶಿಕ್ಷಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ನಿವೃತ್ತಿಯಾಗಿ ಎರಡು ವರ್ಷದ ಮೇಲೆ, 1977ರಲ್ಲಿ, ಪ್ಯಾರಿಸ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಪರೀಕ್ಷಕರ ಮುಂದೆ ನಿಂತರು. 1985ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಕ್ಷೇತ್ರದ ದೊಡ್ಡ ಗೌರವವಾದ ಕೂನ್ಸ್ ಪ್ರಶಸ್ತಿ ಬಂತು. 1999ರ ನವೆಂಬರ್ 25ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಅವರ ಗೆರೆ ಕಾರಿನಿಂದ ಇಳಿದು ಕಾಗದದ ಮೇಲೆ ಬಂದಿತ್ತು. ಅಡೋಬಿ ಕಂಪನಿ 1984ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ಭಾಷೆ ತಂದಿತು. ಅದರಲ್ಲಿ ಅಕ್ಷರಗಳ ಅಂಚನ್ನು ನಾಲ್ಕು ಚುಕ್ಕಿಯ ಬೆಜಿಯೇ ಗೆರೆಗಳಿಂದ ಬರೆಯುತ್ತಾರೆ. 1991ರಲ್ಲಿ ಆಪಲ್ ಕಂಪನಿ ತಂದ ಟ್ರೂಟೈಪ್ ಅಕ್ಷರಗಳಲ್ಲಿ ಮೂರು ಚುಕ್ಕಿಯ ಗೆರೆಗಳು. ವಿಂಡೋಸ್‌ನ ತುಂಗಾ ಎಂಬ ಕನ್ನಡ ಅಕ್ಷರಶೈಲಿಯ ಒಳಗೆ ಇರುವುದೂ ಇಂಥ ಚುಕ್ಕಿಗಳೇ. ಇಂಗ್ಲಿಷ್‌ನ ಎಲ್, ಟಿ ಅಕ್ಷರಗಳನ್ನು ನೇರ ಗೆರೆಯಲ್ಲಿ ಮುಗಿಸಬಹುದು. ಕನ್ನಡದಲ್ಲಿ ಅದು ಆಗದು. ತಲೆಕಟ್ಟಿನ ಕೊಂಡಿಯಿಂದ ಹಿಡಿದು ಒತ್ತಕ್ಷರದವರೆಗೆ ಎಲ್ಲ ಬಾಗು. ಉರ್ದುವಿನದೂ ಅದೇ ಕತೆ. ಚಿಕ್ಕಂದಿನಲ್ಲಿ 'ನೂನ್' ಅಕ್ಷರದ ಹೊಟ್ಟೆ ದುಂಡಗೆ ಬರುವ ತನಕ ಅಮ್ಮಿ ಮತ್ತೆ ಮತ್ತೆ ಬರೆಸುತ್ತಿದ್ದರು. ನಾನು ಮನೆಯಲ್ಲಿ ಓದುವ ಅಕ್ಷರಗಳಿಗೂ ಕಾಲೇಜಿನಲ್ಲಿ ಓದುವ ಅಕ್ಷರಗಳಿಗೂ ಕಂಪ್ಯೂಟರಿನೊಳಗೆ ಬುನಾದಿ ಒಂದೇ ಎಂದು ತಿಳಿದಾಗ ಸಂತೋಷವಾಯಿತು.

ಈಗ ಪ್ರೋಗ್ರಾಂ ಬರೆಯುವ ಸಹಪಾಠಿಗಳಿಗೆ ಒಂದೆರಡು ಮಾತು. ಗೆರೆ ನಯವಾಗಿರುವುದು ಬೇರೆ, ತೆರೆಯ ಮೇಲೆ ಚೊಕ್ಕವಾಗಿ ಕಾಣುವುದು ಬೇರೆ. ಮೊದಲನೆಯದನ್ನು ಬೆಜಿಯೇ ಕೊಟ್ಟರು. ಎರಡನೆಯದನ್ನು ನಾವೇ ನೋಡಿಕೊಳ್ಳಬೇಕು. ಯಾಕೆಂದರೆ ತೆರೆ ಎಂಬುದು ಗ್ರಾಫ್ ಹಾಳೆಯ ಹಾಗೆ ಸಣ್ಣ ಸಣ್ಣ ಚೌಕಗಳ ಪಟ್ಟಿ. ಈ ಚೌಕಗಳಿಗೆ ಪಿಕ್ಸೆಲ್ ಎನ್ನುತ್ತಾರೆ.

ಟಿಕಿಂಟರ್‌ನ ಕ್ಯಾನ್ವಾಸ್‌ನಲ್ಲಿ ಗೆರೆಗೆ ಸ್ಮೂತ್ ಎಂಬ ಆಯ್ಕೆ ಇದೆ. ಅದಕ್ಕೆ 'ರಾ' ಎಂಬ ಬೆಲೆ ಕೊಟ್ಟರೆ ನಮ್ಮ ಚುಕ್ಕಿಗಳನ್ನು ನಾಲ್ಕು ಚುಕ್ಕಿಯ ಬೆಜಿಯೇ ಗೆರೆಯಾಗಿ ಓದಿಕೊಳ್ಳುತ್ತದೆ. ಆದರೆ ಒಳಗೆ ಅದು ಎಳೆಯುವುದು ಸಣ್ಣ ಸಣ್ಣ ನೇರ ತುಂಡುಗಳನ್ನೇ. ನಾವೇನೂ ಹೇಳದಿದ್ದರೆ ಒಂದು ಬಾಗಿಗೆ 12 ತುಂಡು. ಸಣ್ಣ ಬಟನ್ನಿನ ಮೂಲೆಗೆ 12 ಬೇಕಾದಷ್ಟಾಯಿತು. ತೆರೆಯಗಲದ ಆನೆ ಬೆನ್ನಿಗೆ ಸಾಲದು, ತುಂಡುಗಳ ಕೋನ ಕಾಣುತ್ತದೆ. ಸ್ಪ್ಲೈನ್‌ಸ್ಟೆಪ್ಸ್ ಎಂಬ ಆಯ್ಕೆಯಲ್ಲಿ ಆ ಸಂಖ್ಯೆ ಹೆಚ್ಚಿಸಬಹುದು.

ಹೆಚ್ಚಿಸಿದರೂ ವಿಂಡೋಸ್‌ನಲ್ಲಿ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅಲ್ಲಿ ಈ ಕ್ಯಾನ್ವಾಸ್ ಒಂದು ಪಿಕ್ಸೆಲ್‌ಗೆ ಪೂರ್ತಿ ಬಣ್ಣ ಕೊಡುತ್ತದೆ, ಇಲ್ಲವೇ ಕೊಡುವುದೇ ಇಲ್ಲ. ಆದರೆ ಅಂಚಿನ ಪಿಕ್ಸೆಲ್ ಅರ್ಧ ಒಳಗೆ, ಅರ್ಧ ಹೊರಗೆ ಇರುತ್ತದೆ. ನ್ಯಾಯವಾಗಿ ಅದಕ್ಕೆ ಸಲ್ಲಬೇಕಾದ್ದು ಅರ್ಧ ಬಣ್ಣ. ಇದಕ್ಕೆ ಒಂದು ಹಳೆಯ ಉಪಾಯವಿದೆ. ಚಿತ್ರವನ್ನು ಪಿಲ್ಲೋ ಎಂಬ ಪೈಥಾನ್ ಲೈಬ್ರರಿಯಲ್ಲಿ ಉದ್ದಕ್ಕೂ ಅಗಲಕ್ಕೂ ನಾಲ್ಕು ಪಟ್ಟು ದೊಡ್ಡದಾಗಿ ಬರೆದು, ಆಮೇಲೆ ಕುಗ್ಗಿಸಿ, ತೆರೆಗೆ ಹಾಕುವುದು. ಆಗ ಪ್ರತಿ ಪಿಕ್ಸೆಲ್‌ಗೆ 16 ಸಣ್ಣ ಚೌಕಗಳ ಲೆಕ್ಕ ಸಿಗುತ್ತದೆ. ಸರಾಸರಿ ತೆಗೆದರೆ, ಹದಿನಾರರಲ್ಲಿ 5 ಆನೆಯ ಒಳಗಿದ್ದರೆ ಆ ಪಿಕ್ಸೆಲ್‌ಗೆ ಹದಿನಾರರಲ್ಲಿ ಐದು ಪಾಲು ಬಣ್ಣ. ದೂರದಿಂದ ನೋಡಿದಾಗ ಮೆಟ್ಟಿಲು ಮಾಯವಾಗಿ ಅಂಚು ನಯವಾಗುತ್ತದೆ.

ನೇರ ಗೆರೆಗೆ ಇದರ ಉಲ್ಟಾ ತೊಂದರೆ. ಹೀಗೆ ಪಾಲು ಹಂಚುವ ಗ್ರಾಫಿಕ್ಸ್ ವ್ಯವಸ್ಥೆಗಳಲ್ಲಿ ಒಂದು ಪಿಕ್ಸೆಲ್ ಅಗಲದ ಗೆರೆ ಎರಡು ಚೌಕಗಳ ಗಡಿಯ ಮೇಲೆ ಕೂತರೆ ಎರಡೂ ಅರ್ಧರ್ಧ ಬಣ್ಣ ತೆಗೆದುಕೊಳ್ಳುತ್ತವೆ. ಗೆರೆ ದಪ್ಪಗೆ, ಮಸುಕಾಗಿ ಕಾಣುತ್ತದೆ. ಅರ್ಧ ಪಿಕ್ಸೆಲ್ ಸರಿಸಿದರೆ ಒಂದೇ ಚೌಕದೊಳಗೆ ಕೂತು ಕತ್ತಿಯ ಅಂಚಿನಂತಾಗುತ್ತದೆ. ದುಂಡು ಮೂಲೆಯ ಬಟನ್ ಚೆನ್ನಾಗಿ ಕಾಣಬೇಕಾದರೆ ಎರಡೂ ಬೇಕು: ಮೂಲೆಗಳಲ್ಲಿ ಪಾಲು ಹಂಚಿಕೆ, ಬದಿಗಳಲ್ಲಿ ಸರಿಯಾದ ಚೌಕ. ನಮ್ಮ ಪ್ರಯೋಗಾಲಯದಲ್ಲಿ ಹೊಸದು, ಹಳೆಯದು ಎಲ್ಲ ಬಗೆಯ ಮಾನಿಟರ್‌ಗಳಿವೆ. ತೆರೆ ಬೇರೆಯಾದರೂ ಆನೆಯ ಚುಕ್ಕಿಗಳು ಮಾತ್ರ ಅವೇ. ತೆರೆಗೆ ತಕ್ಕಂತೆ ಗುಣಿಸಿಕೊಂಡರೆ ಆಯಿತು.

ಬೆಜಿಯೇ ಅವರ ಬದುಕಿನಿಂದ ನಾನು ತೆಗೆದುಕೊಂಡಿದ್ದು ಇದನ್ನೇ. ಒಬ್ಬರ ಕೈಯಲ್ಲಿ ಮಾತ್ರ ಇರುವ ಜಾಣ್ಮೆ ಅವರ ಜೊತೆಗೇ ಹೋಗುತ್ತದೆ. ಅದನ್ನು ಯಾರು ಬೇಕಾದರೂ ಓದಿ ಪರೀಕ್ಷಿಸುವ ಹಾಗೆ ಬರೆದಿಟ್ಟರೆ, ಬರೆದವರು ನೋಡಿರದ ಊರಿನಲ್ಲಿ, ಅವರಿಗೆ ಗೊತ್ತಿಲ್ಲದ ಭಾಷೆಯ ಅಕ್ಷರವಾಗಿ, ಅವರು ಕಂಡಿರದ ಗಜಪಯಣದ ಆನೆಯಾಗಿ ಬದುಕುತ್ತದೆ. ಕಾಮರ್ಸ್ ಓದುವ ನಾವು ಕಲಿಯುತ್ತಿರುವುದೂ ಅದನ್ನೇ ಅಲ್ಲವೇ? ಯಾವ ಆಡಿಟರ್ ಬಂದು ತೆರೆದರೂ ಒಂದೇ ಮೊತ್ತ ಬರುವ ಹಾಗೆ ಲೆಕ್ಕ ಬರೆಯುವುದನ್ನು.

ಮಾಮುಗೆ 100 ಅಳತೆಯ ಚೌಕ ಬರೆದು 55.23ರ ಲೆಕ್ಕ ತೋರಿಸಿದೆ. ಅವರು ಕಾಗದದ ಮೇಲಿನ ಗೆರೆಯ ಮೇಲೆ ಬೆರಳು ಎಳೆದು ನೋಡಿದರು. ಆಮೇಲೆ ಒಂದು ಹಳೆಯ ಮಾರುತಿ ಕಾರಿನ ಮಡ್‌ಗಾರ್ಡ್ ಮುಂದೆ ಇಟ್ಟು, ಇದರ ಚುಕ್ಕಿಗಳನ್ನು ಬರೆದುಕೊಡು ಎಂದು ಕೇಳಿದ್ದಾರೆ. ಕೆಲಸ ಕಲಿಯುವ ಹುಡುಗನಿಗೆ ಬೇಕಂತೆ. ಈ ರಜೆಯಲ್ಲಿ ಅದನ್ನೇ ಮಾಡುತ್ತಿದ್ದೇನೆ.